‘ಮನಸ್ಸು ಸರಿಯಾದ ಮೇಲೆ ಹೋಗುತ್ತೇನೆ’ ಎನ್ನುವವರಿಗೆ

ಪ್ರಶ್ನೆ: ಅಪ್ಪ ತೀರಿಹೋದ ಮೇಲೆ ಅಮ್ಮ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ನಾನು ಬೆಂಗಳೂರಲ್ಲಿ, ಅಣ್ಣ ದುಬೈಯಲ್ಲಿ. ಊರಿನ ಯಾವುದಾದರೂ ಸೇವಾಸಂಸ್ಥೆಗೆ ಸೇರಿದರೆ ಅವರ ಬೇಸರ ನಿಜವಾಗಿ ಕಡಿಮೆಯಾಗುತ್ತದೆಯೇ? ಕೇಳಿದರೆ ‘ಮನಸ್ಸು ಸ್ವಲ್ಪ ಸರಿಯಾಗಲಿ, ಆಮೇಲೆ ನೋಡುವ’ ಎನ್ನುತ್ತಾರೆ. (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರು)

ಉತ್ತರ: ಈ ಪ್ರಶ್ನೆ ಬರುವುದು ಇದೇ ಮೊದಲಲ್ಲ. ಒಮ್ಮೆ ಪೆರ್ಲದ ಅತ್ತೆಯ ಬಗ್ಗೆ, ಇನ್ನೊಮ್ಮೆ ಮುಳ್ಳೇರಿಯದ ನಿವೃತ್ತ ಮಾಸ್ಟ್ರ ಬಗ್ಗೆ. ಊರು, ಸಂಬಂಧ ಬದಲಾಗುತ್ತದೆ. ಕೊನೆಯ ವಾಕ್ಯ ಮಾತ್ರ ಪ್ರತಿ ಸಲವೂ ಅದೇ.

ಕೇಳಿದ್ದಕ್ಕೆ ಉತ್ತರ: ಹೌದು, ಅನೇಕರಿಗೆ ಕಡಿಮೆಯಾಗುತ್ತದೆ. ಬೇಸರ ಮಾತ್ರ ಅಲ್ಲ, ಒಡನಾಟಕ್ಕೂ ಆಯುಷ್ಯಕ್ಕೂ ನಂಟು ಇದೆ. 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಅದು. ಜನರೊಡನೆ ಗಟ್ಟಿ ನಂಟು ಇದ್ದವರು ಬದುಕಿ ಉಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಎಂದು ಕಂಡಿತು. ‘ಆರೋಗ್ಯ ಗಟ್ಟಿ ಇದ್ದವರೇ ಅಲ್ಲವಾ ಮಾರಾಯ್ರೇ ಹೊರಗೆ ತಿರುಗುವುದು?’ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಅದಕ್ಕೆ ಉತ್ತರ ಮುಂದೆ ಸಿಗುತ್ತದೆ.

ಈಗ ಆ ಕೊನೆಯ ವಾಕ್ಯ. ಮೊದಲು ಮನಸ್ಸು ಸರಿಯಾಗಬೇಕು, ಆಮೇಲೆ ಕಾಲು ಹೊರಗೆ ಇಡುವುದು ಎಂಬ ಈ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಓದಿದವರೂ ಇದನ್ನೇ ಹೇಳುತ್ತಾರೆ, ಸಮಾಧಾನ ಹೇಳಲು ಬಂದ ನೆಂಟರೂ ಇದನ್ನೇ ಹೇಳಿ ಹೋಗುತ್ತಾರೆ. ‘ಪಾಪ, ಅವರಷ್ಟಕ್ಕೆ ಇರಲಿ.’ ನಮ್ಮ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ತೋಟದ ನಡುವೆ ಒಂಟಿ ಮನೆ, ಪಕ್ಕದ ಮನೆಗೆ ಹೋಗಬೇಕಾದರೆ ಒಂದು ತೋಡು ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಂಥಲ್ಲಿ ‘ಅವರಷ್ಟಕ್ಕೆ’ ಬಿಟ್ಟರೆ ಅಡಿಕೆಗೆ ಮದ್ದು ಬಿಡಲು ಬಂದವರ ಮುಖವೇ ಆ ವಾರ ಕಂಡ ಹೊಸ ಮುಖ.

ಬೇಸರ ಬಂದವರು ಮೊದಲು ಬಿಡುವುದು ಭಜನೆ, ಆಮೇಲೆ ಮದುವೆ-ಮುಂಜಿ, ಆಮೇಲೆ ಫೋನು. ಬಿಟ್ಟ ಒಂದೊಂದರ ಜೊತೆಗೂ ಸ್ವಲ್ಪವಾದರೂ ಖುಷಿ ಕೊಡುತ್ತಿದ್ದ ಒಂದು ಗಳಿಗೆ ಹೋಗುತ್ತದೆ. ಖುಷಿ ಕಡಿಮೆಯಾದಷ್ಟು ಬೇಸರ ಹೆಚ್ಚು, ಬೇಸರ ಹೆಚ್ಚಿದಷ್ಟು ಇನ್ನೊಂದನ್ನು ಬಿಡುವುದು. ಈ ಸುತ್ತಿನೊಳಗೆ ಕುಳಿತು ಮನಸ್ಸು ತಾನಾಗಿ ಸರಿಯಾಗಲಿ ಎಂದು ಕಾದರೆ ಅದು ಎಲ್ಲಿಂದ ಸರಿಯಾಗಬೇಕು? ಫುಟ್‌ವಾಲ್ವ್ ಲೀಕಾದ ಪಂಪಿಗೆ ಮೇಲಿನಿಂದ ಒಂದು ಕೊಡ ನೀರು ಹೊಯ್ದೇ ಅಲ್ಲವೇ ಸ್ಟಾರ್ಟ್ ಮಾಡುವುದು? ನೀರು ಬರಲಿ, ಆಮೇಲೆ ಹೊಯ್ಯುತ್ತೇನೆ ಎಂದು ಯಾರೂ ಹೇಳುವುದಿಲ್ಲ.

ಇದು ನನ್ನ ತರ್ಕ ಮಾತ್ರ ಅಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಗಂಭೀರ ಖಿನ್ನತೆ ಇದ್ದ 495 ಜನರ ಮೇಲೆ ಪ್ರಯೋಗ ಮಾಡಿದರು. ಅರ್ಧದಷ್ಟು ಜನರಿಗೆ ವೈದ್ಯರ ಆರೈಕೆ. ಉಳಿದವರಿಗೆ ಅದರ ಜೊತೆಗೆ ಆರರಿಂದ ಎಂಟು ಭೇಟಿ. ಭೇಟಿ ಮಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಅವರು ಮುಖ್ಯವಾಗಿ ಮಾಡಿಸಿದ್ದು ಇಷ್ಟೇ: ಬಿಟ್ಟುಹೋದ ಕೆಲಸ, ಬಿಟ್ಟುಹೋದ ಒಡನಾಟ ಒಂದೊಂದನ್ನೇ, ಮನಸ್ಸಿಲ್ಲದಿದ್ದರೂ, ದಿನ ಗೊತ್ತುಮಾಡಿ ಮತ್ತೆ ಶುರು ಮಾಡಿಸುವುದು. ಮೂರು ತಿಂಗಳ ನಂತರ ನೋಡಿದರೆ ಈ ಗುಂಪಿನಲ್ಲಿ ಚೇತರಿಸಿಕೊಂಡವರೇ ಹೆಚ್ಚು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರಿಂದ, ‘ಗಟ್ಟಿ ಇದ್ದವರೇ ಹೊರಗೆ ಹೋದರು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಲ್ಲಿ ಮಾಡಿಸಿದ್ದು ಸಮಾಜಸೇವೆ ಅಲ್ಲ, ನಿಜ. ಆದರೆ ಸರದಿ ಯಾವುದು ಎಂಬುದು ಸ್ಪಷ್ಟವಾಯಿತಲ್ಲ: ಮೊದಲು ಕಾಲು, ಮನಸ್ಸು ಹಿಂದಿನಿಂದ ಬರುತ್ತದೆ. ಇನ್ನು ಯಾರಾದರೂ ‘ಮನಸ್ಸು ಸರಿಯಾಗಲಿ’ ಎಂದರೆ ದಯವಿಟ್ಟು ತಲೆಯಾಡಿಸಬೇಡಿ.

ಹಾಗಾದರೆ ಅಮ್ಮ ಎಲ್ಲಿಗೆ ಹೋಗಬೇಕು? ಕೇರಳದ ಹೆಂಗಸರ ಸ್ವಸಹಾಯ ಸಂಘಗಳ ಜಾಲ ಕುಡುಂಬಶ್ರೀ 1998ರಿಂದ ಇದೆ, ಅಮ್ಮ ಅದರಲ್ಲಿ ಇದ್ದರೂ ಇರಬಹುದು. ಸಾಲದ ಕಂತು ಕಟ್ಟಿ ಎದ್ದು ಬರುವುದಾದರೆ ಪ್ರಯೋಜನ ಅಷ್ಟಕ್ಕಷ್ಟೆ. ನಾನು ಹೆಚ್ಚಾಗಿ ಹೇಳುವುದು ಪಾಲಿಯೇಟಿವ್, ಅಂದರೆ ಹಾಸಿಗೆ ಹಿಡಿದ ರೋಗಿಗಳ ನೋವು ಕಡಿಮೆ ಮಾಡುವ ಆರೈಕೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದದ್ದು. 2008ರಲ್ಲಿ ಕೇರಳ ಸರಕಾರವೇ ಅದಕ್ಕೊಂದು ನೀತಿ ಮಾಡಿತು, ಈಗ ಪಂಚಾಯತ್ ಮಟ್ಟದಲ್ಲಿ ಹೋಂಕೇರ್ ಇದೆ. ಜೀಪು ಗುಡ್ಡ ಹತ್ತಿ ಮನೆಯಂಗಳಕ್ಕೆ ಬರುತ್ತದೆ. ನರ್ಸ್ ಟ್ಯೂಬ್ ಬದಲಿಸುತ್ತಾರೆ, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ. ಜೊತೆಗೆ ಹೋದವರಿಗೆ ಏನು ಕೆಲಸ ಅಂತೀರಾ? ರೋಗಿಯನ್ನು ಮಗ್ಗುಲಿಗೆ ಹೊರಳಿಸುವಾಗ ಭುಜ ಹಿಡಿಯುವುದು, ಉಗುರು ತೆಗೆಯುವುದು, ಪೆನ್ಶನ್ ಕಾಗದ ಓದಿ ಹೇಳುವುದು. ಎಲ್ಲಕ್ಕಿಂತ ದೊಡ್ಡ ಕೆಲಸ, ಸುಮ್ಮನೆ ಎರಡು ಗಂಟೆ ಹಾಸಿಗೆ ಪಕ್ಕ ಕುಳಿತಿರುವುದು. ಆ ಎರಡು ಗಂಟೆಯಲ್ಲಿ, ತಿಂಗಳುಗಟ್ಟಲೆ ಹೊಸ್ತಿಲು ದಾಟದ ಸೊಸೆ ಬ್ಯಾಂಕಿಗೆ ಹೋಗಿ ಬರುತ್ತಾಳೆ. ಗಂಡನ ಕೊನೆಗಾಲದಲ್ಲಿ ಇದನ್ನೆಲ್ಲ ಮಾಡಿದ್ದರೆ ನಿಮ್ಮ ಅಮ್ಮನಿಗೆ ಈ ಕೆಲಸ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ನೋವು ಇನ್ನೂ ಹಸಿ ಇದ್ದರೆ ರೋಗಿಯ ಮನೆ ಬೇಡ. ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ಬಡ್ಸ್ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಲು ಹೋಗಬಹುದು. ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ನಮ್ಮ ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿ ಕೈ ಯಾವಾಗಲೂ ಕಡಿಮೆಯೇ.

ವಾರಕ್ಕೊಂದು ದಿನ, ಇಂಥ ಹೊತ್ತಿಗೆ ಎಂದು ಗೊತ್ತಿರಬೇಕು. ‘ಅನುಕೂಲವಾದಾಗ ಬನ್ನಿ’ ಎಂದರೆ ಅನುಕೂಲವಾಗುವುದಿಲ್ಲ. ಹೋಗದಿದ್ದರೆ ‘ಇವತ್ತು ಅಕ್ಕ ಯಾಕೆ ಬರಲಿಲ್ಲ?’ ಎಂದು ಕೇಳುವ ಒಬ್ಬರು ಅಲ್ಲಿರಬೇಕು. ನೀವು ಬೆಂಗಳೂರಿನಿಂದ ಅಮ್ಮನ ಹೆಸರಲ್ಲಿ ಗೂಗಲ್ ಪೇ ಮಾಡಿದರೆ ಸಂಸ್ಥೆಗೆ ಉಪಕಾರ, ಅಮ್ಮನಿಗೆ ಬರುವುದು ರಶೀದಿ. ಬ್ರಹ್ಮಕಲಶೋತ್ಸವ ಸಮಿತಿಯ ಪದಾಧಿಕಾರಿ ಆಗುವುದು ಕೂಡ ನಾನು ಹೇಳುವ ಸೇವೆ ಅಲ್ಲ. ಆಮಂತ್ರಣದಲ್ಲಿ ಹೆಸರು ಯಾರದ್ದು ಮೇಲೆ ಎಂಬ ಜಗಳದಲ್ಲಿ ಯಾರ ಬಿಪಿಯೂ ಇಳಿದದ್ದಿಲ್ಲ.

ಇದು ಮದ್ದಿನ ಬದಲಿಗೆ ಅಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ ಕೆಟ್ಟಿದ್ದರೆ ಕುಟುಂಬ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಭಾಷೆಯ ಮಾತು ಬಂತು ನೋಡಿ. ನೀವು ಕೇಳಲಿಲ್ಲ, ಆದರೆ ಅಮ್ಮ ಮುಂದೆ ಹೇಳುವ ನೆಪ ಅದೇ: ‘ಅಲ್ಲಿ ಎಲ್ಲ ಮಲಯಾಳ, ನನಗೆ ಬಾರದು.’ ಎಣ್ಮಕಜೆಯಲ್ಲೋ ಪೈವಳಿಕೆಯಲ್ಲೋ ಹಾಸಿಗೆ ಹಿಡಿದ ಅಜ್ಜಿ ಮಾತಾಡುವುದು ತುಳು, ಹವ್ಯಕ ಕನ್ನಡ ಅಥವಾ ಮರಾಠಿ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ನರ್ಸಿಗೆ ‘ಸೊಂಟ ಚುಳುಚುಳು ಹೇಳ್ತು’ ಎಂದರೆ ಅರ್ಥವಾಗಬೇಕಲ್ಲ? ಮಲಯಾಳ ತಪ್ಪುತಪ್ಪಾಗಿ ಬಂದರೂ ಸಾಕು. ಅಜ್ಜಿಯ ಮಾತು ಪೂರ್ತಿ ಬರುವವರು ಆ ಜೀಪಿನಲ್ಲಿ ಒಬ್ಬರು ಬೇಕೇ ಬೇಕು. ಸೇರಲು ಪಂಚಾಯತ್ ಆಫೀಸಿಗೆ ಅರ್ಜಿ ಹಿಡಿದು ಹೋಗಬೇಡಿ. ವಾರ್ಡಿನ ಆಶಾ ಕಾರ್ಯಕರ್ತೆಗೆ ನೀವೇ ಫೋನ್ ಮಾಡಿ. ಯಾವ ದಿನ ಜೀಪು ಯಾವ ಕಡೆಗೆ ಎಂದು ಅವರಿಗೆ ಗೊತ್ತಿರುತ್ತದೆ. ‘ಮೊದಲ ಸಲ ಮನೆಗೇ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೀರಾ’ ಎಂದು ಕೇಳಿ. ಅವರು ಅಂಗಳದಲ್ಲಿ ನಿಂತು ಕರೆದರೆ ಅಮ್ಮನಿಗೆ ಇಲ್ಲ ಎನ್ನುವುದು ಕಷ್ಟ.