ಮದುವೆಯಾದ ಮೇಲೆ ಐದು ಡಾಲರ್

ಮೈಸೂರಿನ ಒಂದು ಸಂಸ್ಥೆಗೆ ಮಕ್ಕಳಿಗೆ ಪಾಠ ಹೇಳಲು ಬಂದ ಅಮೆರಿಕದ ಹುಡುಗಿ ಇಲ್ಲಿನ ಹುಡುಗನನ್ನೇ ಮದುವೆಯಾದಳು. ಎರಡು ವರ್ಷದ ಮೇಲೆ ಇಬ್ಬರೂ ತೆರಿಗೆ ಲೆಕ್ಕ ನೋಡುವ ನನ್ನ ಆಫೀಸಿಗೆ ಬಂದರು. "ಸರ್, ಇವಳಿಗೆ ಸಂಬಳಾನೇ ಇಲ್ಲ. ಕೈಖರ್ಚಿಗೆ ಅಂತ ಒಂದಿಷ್ಟು ಕೊಡ್ತಾರೆ, ಅಷ್ಟೇ. ಅಮೆರಿಕದ ತೆರಿಗೆ ರಿಟರ್ನ್ ಯಾಕೆ?" ಅಂತ ಗಂಡ ಕೇಳಿದರು.

ನಮ್ಮಲ್ಲಿ ವರ್ಷಕ್ಕೆ ಎಷ್ಟು ದಿನ ದೇಶದಲ್ಲಿದ್ದಿರಿ ಅಂತ ನೋಡುತ್ತಾರೆ. ಅಮೆರಿಕದವರು ಪೌರತ್ವ ನೋಡುತ್ತಾರೆ. ಅವರ ಪ್ರಜೆ ಎಲ್ಲೇ ದುಡಿಯಲಿ, ಲೆಕ್ಕ ಅವರ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಹೋಗಬೇಕು. ಕೈಖರ್ಚಿನ ಹಣವೂ ಸಾಮಾನ್ಯವಾಗಿ ಆದಾಯವೇ. ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕಾರ್ಪ್ಸ್‌ನವರಿಗೆ ಮಾತ್ರ ಊಟ, ವಸತಿಯ ಭತ್ಯೆಗೆ ತೆರಿಗೆ ಇಲ್ಲ. ಸೇವೆ ಮುಗಿದಾಗ ಕೈಗೆ ಬರುವ ಇಡಿಗಂಟಿಗೆ ಇದೆ.

ಆದರೆ ಈ ಹುಡುಗಿಯನ್ನು ಸಿಕ್ಕಿಸಿದ್ದು ಕೈಖರ್ಚಲ್ಲ, ಮದುವೆ. ಒಂಟಿಯಾಗಿದ್ದರೆ 2024ರಲ್ಲಿ ಸಾಮಾನ್ಯವಾಗಿ 14,600 ಡಾಲರ್‌ವರೆಗೆ ರಿಟರ್ನ್ ಬೇಕಿರಲಿಲ್ಲ. ಅಮೆರಿಕದವನಲ್ಲದ ಗಂಡ ಇದ್ದು, ಬೇರೆಯಾಗಿಯೇ ರಿಟರ್ನ್ ಹಾಕುವುದಾದರೆ ಮಿತಿ ಎಷ್ಟು ಗೊತ್ತಾ? ಐದು ಡಾಲರ್! ಕಟ್ಟಬೇಕಾದ ತೆರಿಗೆ ಸೊನ್ನೆ ಇರಬಹುದು, ರಿಟರ್ನ್ ಮಾತ್ರ ಹಾಕಲೇಬೇಕು.

ಬೇಕಿದ್ದರೆ ಗಂಡನನ್ನೂ ಸೇರಿಸಿಕೊಂಡು ಜಂಟಿ ರಿಟರ್ನ್ ಹಾಕಬಹುದು. ಆಗ ವಿನಾಯಿತಿ ಎರಡರಷ್ಟು. ಜೊತೆಗೆ ಗಂಡನ ಬೆಂಗಳೂರಿನ ಸಂಬಳ, ಬಾಡಿಗೆ, ಬಡ್ಡಿ ಎಲ್ಲವೂ ಐಆರ್‌ಎಸ್‌ ಮುಂದೆ ಹೋಗುತ್ತೆ. ಇಲ್ಲಿನ ಮ್ಯೂಚುವಲ್ ಫಂಡ್ ಇದ್ದರಂತೂ ಅದರ ಲೆಕ್ಕ ಕೊಡುವ ಫಾರ್ಮ್ 8621 ಅನ್ನೋ ತಲೆನೋವು ಬೇರೆ. ಗಂಡ ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವನಾದರೆ ಬೇಡ ಅಂತಲೇ ನಾನು ಹೇಳೋದು.

ಇಷ್ಟು ಮಾತಾಡಿ ಏಳುವಾಗ ಆ ಹುಡುಗಿ ಬ್ಯಾಗಿನಿಂದ ಒಂದು ಎಫ್‌ಡಿ ರಸೀದಿ ತೆಗೆದಳು. ಹತ್ತು ಲಕ್ಷ. ದುಡ್ಡು ಅತ್ತೆಯದು. ಪ್ರೀತಿಯಿಂದ ಸೊಸೆಯ ಹೆಸರನ್ನೂ ಜಂಟಿಯಾಗಿ ಹಾಕಿಸಿದ್ದರು. ನಾಮಿನಿ ಅಂತ ಬರೆಸಿದ್ದರೆ ಈ ಗೋಜೇ ಇರುತ್ತಿರಲಿಲ್ಲ! ಅಮೆರಿಕದ ಹೊರಗಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಅನ್ನೋ ವರದಿ ಕೊಡಬೇಕು. ಡಾಲರಿಗೆ 85 ರೂಪಾಯಿ ಹಿಡಿದರೆ ಎಂಟೂವರೆ ಲಕ್ಷ. ಜಂಟಿ ಖಾತೆಯಲ್ಲಿ ಅರ್ಧ ನಂದು, ಅರ್ಧ ಅತ್ತೆಯದು ಅನ್ನೋ ಹಾಗಿಲ್ಲ, ಪೂರ್ತಿ ಮೊತ್ತ ತೋರಿಸಬೇಕು. ಇದಕ್ಕೆ ತೆರಿಗೆ ಇಲ್ಲ, ಆದರೆ ಕೊಡದಿದ್ದರೆ ದಂಡ ಸಣ್ಣದಲ್ಲ. ಇದು ರಿಟರ್ನ್ ಜೊತೆ ಹೋಗುವುದೂ ಅಲ್ಲ, ಅಮೆರಿಕದ ಖಜಾನೆ ಇಲಾಖೆಯ ವಿಭಾಗವಾದ ಫಿನ್‌ಸೆನ್‌ಗೆ ಆನ್‌ಲೈನಲ್ಲಿ ಬೇರೆಯಾಗಿ ಹಾಕಬೇಕು.

ಗೊತ್ತಿಲ್ಲದೆ ತಪ್ಪಿಸಿದವರಿಗೆ ಸ್ಟ್ರೀಮ್‌ಲೈನ್ಡ್ ಅನ್ನೋ ದಾರಿ ಇದೆ. ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಿಎಆರ್, ಬೇಕಂತ ಮಾಡಿದ್ದಲ್ಲ ಅಂತ ಸಹಿ ಹಾಕಿದ ಹೇಳಿಕೆ. ಅಮೆರಿಕದ ಹೊರಗೇ ಇದ್ದವರಿಗೆ ದಂಡ ಬೀಳುವುದಿಲ್ಲ. ಐಆರ್‌ಎಸ್‌ನವರು ತನಿಖೆ ಶುರು ಮಾಡುವ ಮೊದಲೇ ಹೋಗಬೇಕು, ಅಷ್ಟೇ.

ಮುಂದಿನ ಸಲದಿಂದ ರಿಟರ್ನ್ ಹಾಕಲು ಜೂನ್ 15ರವರೆಗೆ ಟೈಮಿದೆ ಅಂದೆ. ಅಮೆರಿಕದ ಹೊರಗೆ ಇರುವವರಿಗೆ ಏಪ್ರಿಲ್ 15ರ ಗಡುವಿನ ಮೇಲೆ ಎರಡು ತಿಂಗಳು ಕೇಳದೆಯೇ ಸಿಗುತ್ತೆ. ಅವರ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಬ್ಯಾಂಕಿಗೆ ಹೋದಾಗ ಬಡ್ಡಿ ಸರ್ಟಿಫಿಕೇಟ್ ಜನವರಿಯಿಂದಲೇ ಬೇಕು ಅಂತ ಕೇಳಿ. ಕೌಂಟರಿನವರು ಎರಡು ಸಲ ಮುಖ ನೋಡ್ತಾರೆ, ಕೊಡ್ತಾರೆ.