ಒಂದು ಅಗುಳು ಹಿಚುಕಿದರೆ ಫೋಲ್ಡರಿನ ಕಥೆ ತಿಳಿಯದು

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಗ್ರಹಣದ ಬಗ್ಗೆ ಹೇಳಲು ಹೋಗಿದ್ದೆ. ಇದು ನನಗೆ ಸುಮ್ನೆ ಹೊತ್ತು ಕಳೆಯುವ ಕೆಲಸವಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು. ಹಾಗೆ ಹೂತರೆ ಊನ ಸರಿಹೋಗುತ್ತದೆ ಅನ್ನೋ ನಂಬಿಕೆ. ಆ ಮಕ್ಕಳ ಅಳು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅದಕ್ಕೇ ಯಾವ ಶಾಲೆ ಕರೆದರೂ ಹೋಗುತ್ತೇನೆ.

ಲ್ಯಾಪ್‌ಟಾಪಿನಲ್ಲಿ 'ಗ್ರಹಣ' ಅಂತ ಒಂದು ಫೋಲ್ಡರ್, ಒಳಗೆ 48 ಫೈಲು. ಒಂದೇ ಫೋಲ್ಡರನ್ನು ಹಲವು ಕಂಪ್ಯೂಟರುಗಳಲ್ಲಿ ಸಮನಾಗಿ ಇಡುವ ಸಿಂಕ್ ಸಾಫ್ಟ್‌ವೇರ್‌ಗೆ, ಅದನ್ನು ನೆಟ್ ಇಲ್ಲದಿದ್ದರೂ ತೆರೆಯುವಂತೆ ಯಾವಾಗಲೂ ಇಲ್ಲೇ ಇಡು ಅಂತ ಎಂದೋ ಹೇಳಿಟ್ಟಿದ್ದೆ. ಫೋಲ್ಡರ್ ಮೇಲೆ ಹಸಿರು ವೃತ್ತದ ಟಿಕ್ ಇತ್ತು. ಶಾಲೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಫೋಟೊಗಳೆಲ್ಲ ಚೆನ್ನಾಗಿ ತೆರೆದುಕೊಂಡವು. ಚಂದ್ರನ ನೆರಳು ಭೂಮಿ ಮೇಲೆ ಸರಿದು ಹೋಗುವ ವಿಡಿಯೊ ಒತ್ತಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

ಅವತ್ತು ಬೇವಿನ ಮರ ಮಾನ ಉಳಿಸಿತು. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳು ದುಂಡಗಿರುತ್ತವೆ ಅಲ್ವಾ? ಅವು ಒಂದೊಂದೂ ಸೂರ್ಯನ ಬಿಂಬ. ಗ್ರಹಣದ ದಿನ ಅವೇ ಚುಕ್ಕಿಗಳು ಕುಡುಗೋಲಿನಂತೆ ಬಾಗುತ್ತವೆ. ಅದನ್ನು ತೋರಿಸಿ ಬಂದೆ. ಆದರೆ ನೆರಳು ಸರಿಯುವುದನ್ನು ಕಣ್ಣಾರೆ ಕಂಡರೆ ರಾಹು-ಕೇತುಗಳ ಭಯ ಹೋಗುವಷ್ಟು ಮಾತಿನಿಂದ ಹೋಗುವುದಿಲ್ಲ. ಆ ವಿಡಿಯೊ ತೋರಿಸಲಾಗಲಿಲ್ಲ ಅನ್ನೋ ಸಂಕಟ ಉಳಿದೇ ಹೋಯಿತು.

ಮನೆಗೆ ಬಂದು ನೋಡಿದರೆ 48ರಲ್ಲಿ 46 ಮಾತ್ರ ಇಳಿದಿದ್ದವು. ಉಳಿದೆರಡನ್ನು ಹಿಂದಿನ ರಾತ್ರಿ ಇನ್ನೊಂದು ಕಂಪ್ಯೂಟರಿನಿಂದ ಸೇರಿಸಿದ್ದೆ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅವುಗಳ ಹೆಸರು ಮಾತ್ರ ಲ್ಯಾಪ್‌ಟಾಪಿಗೆ ಬಂದಿತ್ತು, ಒಡಲು ಬಂದಿರಲಿಲ್ಲ.

ಪಟ್ಟಿಯಲ್ಲಿ ಹೆಸರು ಕಂಡರೆ ಫೈಲು ನಮ್ಮ ಹತ್ತಿರ ಇದೆ ಅಂತಲೇ ಬಹಳ ಜನ ತಿಳಿದಿದ್ದಾರೆ. ನಮ್ಮ ಊರಲ್ಲಿ ಇದನ್ನು ವಿವರಿಸುವುದು ಸುಲಭ. ಮನೆ ಮುಂದೆ ನಳ ಇದ್ದರೆ ಮನೆಯಲ್ಲಿ ನೀರಿದೆ ಅಂತ ಅರ್ಥವೇ? ನಳ ಬಂದಾಗ ಕೊಡ, ಹಂಡೆ, ಡ್ರಮ್ಮು ತುಂಬಿಸಿಟ್ಟರೆ ಮಾತ್ರ ನೀರು. ಡ್ರಾಪ್‌ಬಾಕ್ಸ್ ಅನ್ನೋ ಸಿಂಕ್ ಸಾಫ್ಟ್‌ವೇರ್ 2008ರಲ್ಲಿ ಶುರುವಾದಾಗ ಈ ಗೊಂದಲ ಇರಲಿಲ್ಲ. ಫೋಲ್ಡರಿಗೆ ಹಾಕಿದ್ದೆಲ್ಲ ಪ್ರತಿ ಕಂಪ್ಯೂಟರಿಗೂ ಪೂರ್ತಿ ಇಳಿಯುತ್ತಿತ್ತು. 2017ರ ಹೊತ್ತಿಗೆ ಡ್ರಾಪ್‌ಬಾಕ್ಸ್, ಮೈಕ್ರೋಸಾಫ್ಟಿನ ಒನ್‌ಡ್ರೈವ್ ಎರಡರಲ್ಲೂ ಹೊಸ ವ್ಯವಸ್ಥೆ ಬಂತು. ಹೆಸರು, ಗಾತ್ರ, ತಾರೀಖು ನಮ್ಮಲ್ಲಿ, ಒಳಗಿನ ಸರಕು ದೂರದ ಸರ್ವರಿನಲ್ಲಿ. ಜಾಗ ಉಳಿಯಿತು. ಅದರ ಜೊತೆಗೆ, ಫೈಲು ಸರ್ವರಿನಲ್ಲೇ ಇದ್ದರೆ ಮೋಡ, ನಮ್ಮಲ್ಲಿದ್ದರೆ ಟಿಕ್ಕು ಅಂತ ಗುರುತು ಹಚ್ಚುವುದೂ ಬಂತು.

ಒಂದು ಫೈಲಿಗೆ ಗುರುತು ಹಚ್ಚುವುದು ಕಷ್ಟವಲ್ಲ. ಇದೆ, ಇಲ್ಲವೇ ಇಲ್ಲ. ತೊಡಕಿರುವುದು ಫೋಲ್ಡರಿನಲ್ಲಿ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅಂತೀವಿ. ಪಾತ್ರೆಯ ಅಕ್ಕಿಯೆಲ್ಲ ಒಂದೇ ನೀರಲ್ಲಿ, ಒಂದೇ ಉರಿಯಲ್ಲಿ ಬೇಯುವುದರಿಂದ ಆ ಮಾತು ನಿಜ. ಫೋಲ್ಡರ್ ಹಾಗಲ್ಲ. ಒಂದೊಂದು ಅಗುಳೂ ಬೇರೆ ಬೇರೆ ಒಲೆಯಲ್ಲಿ ಬೇಯುತ್ತದೆ. ನಾನು ಐದಾರು ಫೋಟೊ ತೆರೆದು ನೋಡಿ ಸಮಾಧಾನಪಟ್ಟುಕೊಂಡಿದ್ದೆ. ಅದು ಅಗುಳು ಹಿಚುಕಿದಂತೆಯೇ.

ಹಾಗಾದರೆ ಪ್ರತಿ ಸಲವೂ ಎಲ್ಲವನ್ನೂ ಎಣಿಸಬೇಕೆ? 40,000 ಫೈಲಿದ್ದರೆ ಫೋಲ್ಡರ್ ತೆರೆದಾಗಲೆಲ್ಲ ಎಣಿಸುತ್ತಾ ಕೂತರೆ ಯಂತ್ರ ಸೋತು ಹೋಗುತ್ತದೆ. ಇದಕ್ಕೆ ಒಂದು ಸೊಗಸಾದ ಉಪಾಯವಿದೆ, ನನಗೆ ಬಹಳ ಇಷ್ಟದ್ದು. ಶಾಲೆಯ ಹಾಜರಿ ನೆನೆಸಿಕೊಳ್ಳಿ. ಹೆಡ್‌ಮಾಸ್ಟರ್ ಪ್ರತಿ ಮಗುವನ್ನೂ ಎಣಿಸುವುದಿಲ್ಲ. ಪ್ರತಿ ತರಗತಿಯಲ್ಲೂ 'ಇನ್ನೂ ಬಾರದವರು' ಅಂತ ಒಂದೇ ಅಂಕಿ ಇರುತ್ತದೆ. ಒಂದು ಮಗು ಬಂದರೆ ಅಂಕಿ ಒಂದು ಕಡಿಮೆ. ಸೊನ್ನೆಯಾದ ಕೂಡಲೇ ಮೇಷ್ಟ್ರು ಹೆಡ್‌ಮಾಸ್ಟರಿಗೆ ಹೇಳುತ್ತಾರೆ. ಅಲ್ಲಿ 'ತುಂಬದ ತರಗತಿಗಳು' ಅನ್ನೋ ಅಂಕಿ ಒಂದು ಇಳಿಯುತ್ತದೆ. ಅದೂ ಸೊನ್ನೆಯಾದರೆ ಸುದ್ದಿ ಇನ್ನೂ ಮೇಲಕ್ಕೆ. ಸಾವಿರಾರು ಫೈಲಿದ್ದರೂ ಒಂದು ಬದಲಾವಣೆಗೆ ಹತ್ತಬೇಕಾದದ್ದು ಐದಾರು ಮೆಟ್ಟಿಲು ಅಷ್ಟೇ.

ತಿರುಗಾ ಹೋಗುವ ದಾರಿಯೂ ಅದೇ. ದಿಬ್ಬಣದ ಬಸ್ಸು ನೆನೆಸಿಕೊಳ್ಳಿ. ಎಲ್ಲರೂ ಹತ್ತಿದರು, ರೈಟ್ ಅಂದಾಯಿತು. ಅಷ್ಟರಲ್ಲಿ ಒಬ್ಬ ಹುಡುಗ ನೀರು ಕುಡಿಯಲು ಇಳಿದ. ಈಗ ಬಸ್ಸು ತುಂಬಿದೆ ಅನ್ನೋ ಮಾತು ಸುಳ್ಳು. ಹಾಗೆಯೇ, ಆಳದ ಒಂದು ಫೋಲ್ಡರಿಗೆ ಇನ್ನೂ ಇಳಿಯದ ಒಂದು ಹೊಸ ಫೈಲು ಸೇರಿದರೂ ತುದಿವರೆಗಿನ ಎಲ್ಲ ಫೋಲ್ಡರುಗಳ ಟಿಕ್ ಅಳಿಯಬೇಕು. ಇನ್ನೊಂದು ಸ್ವಾರಸ್ಯ ಇದೆ. ಖಾಲಿ ಫೋಲ್ಡರಿಗೆ ಯಾವ ಗುರುತು? ಬಾರದವರು ಯಾರೂ ಇಲ್ಲ, ಆದ್ದರಿಂದ ಹಾಜರಿ ಪೂರ್ತಿ! ತರ್ಕದ ಪ್ರಕಾರ ಅದಕ್ಕೆ ಟಿಕ್ ಸಲ್ಲಬೇಕು.

ಇಷ್ಟೆಲ್ಲ ಸರಿಯಿದ್ದರೂ ನನ್ನ ಫೋಲ್ಡರ್ ಯಾಕೆ ದಾರಿ ತಪ್ಪಿಸಿತು? ಅಲ್ಲಿದ್ದ ಟಿಕ್ ಹಾಜರಿಯದ್ದೇ ಅಲ್ಲ. 'ಇಲ್ಲಿಗೆ ಬರುವುದನ್ನೆಲ್ಲ ಇಳಿಸಿಡು' ಅನ್ನೋ ನನ್ನ ಅಪ್ಪಣೆಯ ಗುರುತು ಅದು. ಅಪ್ಪಣೆ ಬೇರೆ, ಹಾಜರಿ ಬೇರೆ. ಡ್ರಮ್ಮಿನ ಮೇಲೆ 'ಕುಡಿಯುವ ನೀರು' ಅಂತ ಬರೆದ ಮಾತ್ರಕ್ಕೆ ಅದರಲ್ಲಿ ನೀರಿರುವುದಿಲ್ಲ. ಒನ್‌ಡ್ರೈವ್‌ನಲ್ಲಿ ಎರಡು ಬಗೆಯ ಟಿಕ್ ಇದೆ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಫೈಲು ಸದ್ಯಕ್ಕೆ ಇಲ್ಲಿದೆ, ಜಾಗ ಬೇಕಾದಾಗ ಹೋಗಲೂಬಹುದು. ತುಂಬು ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಯಾವಾಗಲೂ ಇಲ್ಲೇ ಇಡು ಅಂತ ನೀವು ಹೇಳಿದ್ದೀರಿ. ಈ ಎರಡರ ವ್ಯತ್ಯಾಸ ಗೊತ್ತಿರುವವರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಈ ಭೇದ ಹೊಸದೇನೂ ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಹಾದೇವ್ ಸತ್ಯನಾರಾಯಣನ್ ಅವರ ತಂಡ 1980ರ ದಶಕದ ಕೊನೆಯಲ್ಲಿ ಕೋಡಾ ಅನ್ನೋ ಫೈಲ್ ವ್ಯವಸ್ಥೆ ಕಟ್ಟಿತು. ನೆಟ್‌ವರ್ಕ್ ಕಡಿದರೂ ಕೆಲಸ ನಿಲ್ಲಬಾರದು ಅನ್ನೋದು ಅವರ ಹಟ. ಅವರೂ ಜೇಮ್ಸ್ ಕಿಸ್ಲರ್ ಅವರೂ 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಳಕೆದಾರ ಬರೆದುಕೊಡುವ ಒಂದು ಪಟ್ಟಿಯ ವಿಷಯ ಬರುತ್ತದೆ. ಬೇಕಾದ ಫೋಲ್ಡರಿನ ಮುಂದೆ ಕೂಡಿಸುವ ಚಿಹ್ನೆ ಹಾಕಿದರೆ, ಈಗಿರುವ ಫೈಲು ಮಾತ್ರವಲ್ಲ, ಮುಂದೆ ಬರುವವೂ ಬೇಕು ಅಂತ ಅರ್ಥ. ಅಪ್ಪಣೆ ಅಂದರೆ ಇದೇ. ಅದರ ಜೊತೆಗೆ ಹತ್ತು ನಿಮಿಷಕ್ಕೊಮ್ಮೆ ಯಂತ್ರ ಒಂದು ಸುತ್ತು ಹಾಕಿ, ಕೇಳಿದ್ದಕ್ಕೂ ಇರುವುದಕ್ಕೂ ತಾಳೆ ನೋಡಿ, ಬಾಕಿ ಇದ್ದದ್ದನ್ನು ತರುತ್ತಿತ್ತು. ಊರಿಗೆ ಹೊರಡುವ ಮುಂಚೆ ಆ ಸುತ್ತನ್ನು ನೀವೇ ಹೇಳಿ ಹಾಕಿಸಲೂ ಬರುತ್ತಿತ್ತು. ಈ ಕೊನೆಯ ಸೌಲಭ್ಯ ಇವತ್ತಿನ ಸಾಫ್ಟ್‌ವೇರುಗಳಲ್ಲಿ ಕಣ್ಣಿಗೆ ಬೀಳುವ ಜಾಗದಲ್ಲಿ ಯಾಕಿಲ್ಲ ಅಂತ ನನಗೆ ನಿಜವಾಗಿಯೂ ಬೇಸರವಿದೆ. ಬಣ್ಣದ ಟಿಕ್ಕಿನ ಬದಲು '48ರಲ್ಲಿ 46' ಅಂತ ಬರೆದಿದ್ದರೂ ಸಾಕಿತ್ತು.

ಅಲ್ಲಿಯವರೆಗೆ ವಿಂಡೋಸ್‌ನಲ್ಲಿ ಹೀಗೆ ಮಾಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಒತ್ತಿ, ಪ್ರಾಪರ್ಟೀಸ್ ತೆರೆಯಿರಿ. 'ಸೈಜ್', 'ಸೈಜ್ ಆನ್ ಡಿಸ್ಕ್' ಅಂತ ಎರಡು ಅಂಕಿ ಕಾಣುತ್ತವೆ. ಎಲ್ಲವೂ ಇಳಿದಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ, ಎರಡನೆಯದು ತುಸು ಜಾಸ್ತಿಯೇ ಇರುವುದು ವಾಡಿಕೆ. ಎರಡನೆಯದು ತೀರಾ ಕಡಿಮೆ ಇದ್ದರೆ ಯಾವುದೋ ಫೈಲು ಇನ್ನೂ ಮೋಡದಲ್ಲೇ ಇದೆ.

ಮೊನ್ನೆ ಅದೇ ಶಾಲೆಗೆ ಮತ್ತೆ ಹೋಗುವುದಿತ್ತು. ಹಿಂದಿನ ರಾತ್ರಿ ಅಂಕಿ ತಾಳೆ ನೋಡಿದೆ. ಏರೋಪ್ಲೇನ್ ಮೋಡ್ ಹಾಕಿ, ವಿಡಿಯೊಗಳನ್ನು ಒಂದೂ ಬಿಡದೆ ತೆರೆದು ನೋಡಿದೆ. ಮರುದಿನ ತರಗತಿಯ ಕಿಟಕಿ ಮುಚ್ಚಿ, ಗೋಡೆ ಮೇಲೆ ಆ ವಿಡಿಯೊ ಬಿಟ್ಟೆ. ಕಪ್ಪು ಚುಕ್ಕಿಯೊಂದು ಸಮುದ್ರ ದಾಟಿ, ನೆಲದ ಮೇಲೆ ಹರಿದು, ಅಂಚಿನಲ್ಲಿ ಮಾಯವಾಯಿತು. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಇನ್ನೊಮ್ಮೆ ಹಾಕ್ರಿ ಸರ್" ಅಂದಳು.