ರಿಪೋರ್ಟಿನಲ್ಲಿ ಕಾಣದ ಅಸೌಖ್ಯ

ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಬರುವವರಿಗೆ ‘ವೆಲ್‌ನೆಸ್’ ಎಂಬ ಪದ ಈಗ ಒಂದಲ್ಲ ಒಂದು ಫಲಕದಲ್ಲಿ ಕಣ್ಣಿಗೆ ಬೀಳುತ್ತದೆ. ರಕ್ತಪರೀಕ್ಷೆಯ ಪ್ಯಾಕೇಜು, ಆಯುರ್ವೇದ ಮಸಾಜು, ಯೋಗ ಶಿಬಿರ, ಜಿಮ್, ಆಪ್ತಸಮಾಲೋಚನೆ ಎಲ್ಲವೂ ಅದೇ ಹೆಸರಿನಲ್ಲಿ ನಡೆಯುತ್ತಿವೆ. ಸರ್ಕಾರವೂ 2018ರಲ್ಲಿ ತನ್ನ ಪ್ರಾಥಮಿಕ ಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡುವ ಯೋಜನೆ ಹಮ್ಮಿಕೊಂಡು, 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಟ್ಟಿತು. ಇಷ್ಟಾದರೂ, ದೇಹದಲ್ಲಿ ರೋಗ ಕಾಣದಿದ್ದರೂ ಸೌಖ್ಯವಿಲ್ಲದೆ ಬಳಲುವವರು ಯಾರ ಬಳಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಗೋಜಲಾಗಿಯೇ ಉಳಿದಿದೆ.

ವಿಚಾರ ಹೊಸದಲ್ಲ. ವಾತ, ಪಿತ್ತ, ಕಫವೆಂಬ ದೋಷಗಳು, ಜೀರ್ಣಶಕ್ತಿಯೆಂಬ ಅಗ್ನಿ, ದೇಹವನ್ನು ಕಟ್ಟುವ ಧಾತುಗಳು ಸಮವಾಗಿರುವುದರ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರುವವನನ್ನೇ ಆಯುರ್ವೇದದ ಪ್ರಾಚೀನ ಗ್ರಂಥ ಸುಶ್ರುತ ಸಂಹಿತೆ ಸ್ವಸ್ಥನೆನ್ನುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮವೂ ಹೌದು ಎಂದಿತು. ಭಾರತ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮದೇ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮಾ ಸೌಲಭ್ಯ ಇರಬೇಕೆಂದಿತು. ಕಾಗದದ ಮೇಲೆ ಆರೋಗ್ಯದ ವ್ಯಾಪ್ತಿ ಹೀಗೆ ಹಿಗ್ಗುತ್ತಲೇ ಬಂದಿದೆ.

ಕರಾವಳಿಯಲ್ಲಿ ಆಸ್ಪತ್ರೆಗಳಿಗೆ ಕೊರತೆಯಿರಲಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದ್ದು, ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ್ದು ಈ ನಾಡಿನ ಭಾಗ್ಯ. ದೂರದ ಜಿಲ್ಲೆಗಳವರು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು ಪಡೆಯುವ ಚಿಕಿತ್ಸೆ ಇಲ್ಲಿಯವರಿಗೆ ಕೈಯಳತೆಯಲ್ಲಿದೆ. ಆದರೆ ಯಾವ ಸಂಕಟಕ್ಕೂ ಪರೀಕ್ಷೆಯೊಂದು ಇದ್ದೇ ಇರುತ್ತದೆ ಎಂಬ ನಂಬಿಕೆಯನ್ನು ಈ ಅನುಕೂಲವೇ ನಮ್ಮಲ್ಲಿ ಬೆಳೆಸಿದೆ ಎನಿಸುತ್ತದೆ.

ಇಲ್ಲಿ ನಡೆದ ಬದಲಾವಣೆಯನ್ನು ಅರಿಯಬೇಕಾದರೆ ಬೀಡಿ ಕಟ್ಟುತ್ತಿದ್ದ ಜಗಲಿಗಳನ್ನು ನೆನೆಯಬೇಕು. ಮಧ್ಯಾಹ್ನದ ಗಂಜಿಯೂಟ ಮುಗಿದ ಮೇಲೆ ಅಕ್ಕಪಕ್ಕದ ಮನೆಯ ಹೆಂಗಸರು ಒಂದೇ ಜಗಲಿಯಲ್ಲಿ ಸೇರುತ್ತಿದ್ದರು. ತೊಡೆಯ ಮೇಲೆ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪು. ಕೈಗಳು ಎಲೆ ಸುತ್ತಿ ನೂಲು ಬಿಗಿಯುತ್ತಿದ್ದಂತೆ ಬಾಯಿ ಮನೆಯ ಸುದ್ದಿಯನ್ನೆಲ್ಲ ಬಿಚ್ಚುತ್ತಿತ್ತು. ಯಾರ ಗಂಡ ಕುಡಿದು ಬಂದ, ಯಾರ ಮಗಳಿಗೆ ಸಂಬಂಧ ಕೂಡಿ ಬರಲಿಲ್ಲ, ಬಾಣಂತಿಯೊಬ್ಬಳು ಮೂರು ದಿನದಿಂದ ಯಾಕೆ ಸರಿಯಾಗಿ ಮಾತಾಡುತ್ತಿಲ್ಲ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಆ ದುಡಿಮೆ ದೇಹಕ್ಕೆ ಹಿತವಾಗಿರಲಿಲ್ಲ. ಹೊಗೆಸೊಪ್ಪಿನ ಧೂಳಿನ ಕೆಮ್ಮು, ಬೆನ್ನುನೋವು, ಕಡಿಮೆ ಮಜೂರಿ ಎಲ್ಲವೂ ನಿಜ, ಬೀಡಿಯಿಂದ ಸೇದುವವರಿಗೆ ಆಗುವ ಹಾನಿಯೂ ನಿಜ. ಆದರೂ ಆ ಹೆಂಗಸರ ಕೈಗೆ ತಮ್ಮದೇ ಆದ ನಾಲ್ಕು ಕಾಸು ಸೇರುತ್ತಿತ್ತು, ಕಷ್ಟವನ್ನು ಕೇಳುವ ಕಿವಿಗಳು ದಿನವೂ ಪಕ್ಕದಲ್ಲೇ ಇದ್ದವು. ಅವರ ಆರೋಗ್ಯ ಚೆನ್ನಾಗಿತ್ತು ಎನ್ನಲಾಗದು, ಇರಲಿಲ್ಲ ಎಂದರೂ ಅರ್ಧ ಸತ್ಯವೇ. ಮನೆತನದ ದುಃಖವನ್ನು ಕುಟುಂಬದ ಎಲ್ಲರೆದುರು ಅರಿಕೆ ಮಾಡಿಕೊಂಡು, ದೈವದ ನುಡಿಯಿಂದ ಅಭಯ ಪಡೆಯುವ ಅವಕಾಶವೂ ಇದೇ ಸಮಾಜದಲ್ಲಿತ್ತು. ಅದರಿಂದ ಎಷ್ಟೋ ಮಂದಿಗೆ ಧೈರ್ಯ ಸಿಕ್ಕಿತು. ತೀವ್ರ ಮಾನಸಿಕ ಕಾಯಿಲೆಯವರಿಗೆ ಮಾತ್ರ ಔಷಧ ಸಿಗದೆ ವರ್ಷಗಳು ವ್ಯರ್ಥವಾದದ್ದೂ ಉಂಟು.

ಈಗ ಜಗಲಿಗಳು ಖಾಲಿಯಾಗಿವೆ. ಬೀಡಿಯ ಕೆಲಸ ಇಳಿಮುಖವಾಗಿದೆ. ಮುಂದಿನ ತಲೆಮಾರು ಓದಿ ಗಲ್ಫ್‌ಗೋ ಬೆಂಗಳೂರಿಗೋ ಹೋಗಿದೆ. ಅದು ಆ ಹೆಂಗಸರ ದುಡಿಮೆಯ ಫಲವೇ ಹೊರತು ತಪ್ಪಲ್ಲ. ಊರಿನ ದೊಡ್ಡ ಮನೆಯಲ್ಲಿ ಉಳಿದ ಅಮ್ಮನಿಗೆ ಮಗ ಅಲ್ಲಿಂದಲೇ ಮೊಬೈಲಿನಲ್ಲಿ ಫುಲ್ ಬಾಡಿ ಚೆಕಪ್ ಬುಕ್ ಮಾಡುತ್ತಾನೆ, ಹುಡುಗನೊಬ್ಬ ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಇಂಥ ಅಮ್ಮಂದಿರನ್ನು ನಿತ್ಯ ಕಾಣಬಹುದು. ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಇಸಿಜಿ, ಸ್ಕ್ಯಾನಿಂಗ್ ಫಿಲ್ಮು, ಔಷಧದ ಚೀಟಿಗಳು. ಹೇಳಿಕೊಳ್ಳಲು ಗ್ಯಾಸು, ತಲೆಸುತ್ತು, ಎದೆಯುರಿ, ನಿದ್ರೆಯಿಲ್ಲದ ರಾತ್ರಿ. ರಿಪೋರ್ಟು ನಾರ್ಮಲ್ ಎಂದಾಗ ಅವರ ಮುಖದಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಕಾಣುವುದು, ತಮ್ಮ ಮಾತನ್ನು ಯಾರೂ ನಂಬಲಿಲ್ಲವೆಂಬ ನೋವು. ಹೊರಗೆ ಸಾಲು ಬೆಳೆಯುತ್ತಿರುವಾಗ ವೈದ್ಯರಿಗೆ ಐದು ನಿಮಿಷಕ್ಕಿಂತ ಹೆಚ್ಚು ಕೇಳಲು ಬಿಡುವಿರುವುದಿಲ್ಲ. ಒಂಟಿತನ ಎಂದು ಬರೆದುಕೊಡುವ ಚೀಟಿಯೂ ಇಲ್ಲ.

ಒಂಟಿತನ ದೇಹವನ್ನೂ ಕೆಡಿಸುತ್ತದೆ ಎಂಬುದು ಈಗ ಊಹೆಯ ಮಾತಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದೂ, ವರ್ಷಕ್ಕೆ 8.7 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ವರದಿ ಮಾಡಿತು. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಮರೆವಿನ ತೊಂದರೆಗಳ ಅಪಾಯ ಅದರಿಂದ ಹೆಚ್ಚುತ್ತದೆ. ಹೀಗಿದ್ದೂ ಮಾರುಕಟ್ಟೆಯ ವೆಲ್‌ನೆಸ್ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ನಿನ್ನ ಮನಸ್ಸನ್ನು ನೀನೇ ಸರಿಪಡಿಸಿಕೋ ಎನ್ನುತ್ತದೆ. ಧ್ಯಾನ, ಯೋಗಗಳಿಂದ ಪ್ರಯೋಜನವಿದೆ, ಆದರೆ ವಾರವಿಡೀ ಮನುಷ್ಯರ ಮುಖ ನೋಡದವರಿಗೆ ಮೊದಲು ಬೇಕಾದದ್ದು ಮಾತಾಡುವ ಜನ.

ಸರ್ಕಾರಿ ವ್ಯವಸ್ಥೆಯಲ್ಲಿ ದಾರಿಯೊಂದು ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಲು ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗಳ ಏರ್ಪಾಡಿದೆ. ಇವೆರಡಕ್ಕೂ ಮೊದಲು ಬಾಗಿಲಿಗೆ ಬರುವವರು ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರ ಬಗ್ಗೆ ಅವರು ತುಂಬುವ ಫಾರಂನಲ್ಲಿ ಸೊಂಟದ ಸುತ್ತಳತೆ, ತಂಬಾಕು, ಮದ್ಯದ ವಿವರಗಳಾದ ಮೇಲೆ, ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲವೆನಿಸಿತೇ, ಮನಸ್ಸು ಕುಗ್ಗಿತೇ ಎಂಬ ಎರಡು ಪ್ರಶ್ನೆಗಳಿವೆ. ಸೊಸೆಯೋ ನೆರೆಯವರೋ ಪಕ್ಕದಲ್ಲೇ ನಿಂತಿರುವಾಗ ಅವಕ್ಕೆ ಹೌದು ಎನ್ನುವುದು ಸುಲಭವಲ್ಲ. ಹತ್ತಾರು ಕೆಲಸಗಳ ಹೊರೆ ಹೊತ್ತು, ಗೌರವಧನ, ಪ್ರೋತ್ಸಾಹಧನಗಳನ್ನೇ ನಂಬಿ ಓಡಾಡುವ ಆಕೆಗೆ ಕುಳಿತು ಕೇಳುವಷ್ಟು ಹೊತ್ತನ್ನು ಕೊಟ್ಟು, ಆ ಹೊತ್ತಿಗೂ ಸಂಭಾವನೆ ನಿಗದಿಪಡಿಸಿದರೆ, ಆ ಪ್ರಶ್ನೆಗಳಿಗೆ ಇನ್ನಷ್ಟು ನಿಜವಾದ ಉತ್ತರಗಳು ಸಿಕ್ಕಾವು.